1972ರ ಷೆವರ್ಲೆ ಸಿ-10: ಮುಂದಿನ ಕಂಟ್ರೋಲ್ ಆರ್ಮ್ ಬಿಚ್ಚುವಾಗ ಸ್ಪ್ರಿಂಗಿನ ಒತ್ತಡವನ್ನು ಯಾವ ತುದಿಯಿಂದ ಇಳಿಸಬೇಕು?

ಪ್ರಶ್ನೆ (ಒಹಾಯೊದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1972ರ ಷೆವರ್ಲೆ ಸಿ-10 ಪಿಕಪ್ ಇದೆ. 350 ಘನ ಅಂಗುಲದ ವಿ-8 ಎಂಜಿನ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಹೆದ್ದಾರಿಯಲ್ಲಿ ಗಾಡಿ ಒಂದೇ ಗೆರೆಯಲ್ಲಿ ನಿಲ್ಲದೆ ಅತ್ತಿತ್ತ ಎಳೆಯುತ್ತದೆ. ಮುಂದಿನ ಎರಡೂ ಟೈರುಗಳ ಒಳಅಂಚು ಸವೆದಿದೆ. ಗಾಡಿ ಎತ್ತಿ ಸನ್ನೆಕೋಲು ಹಾಕಿ ನೋಡಿದಾಗ ಚಕ್ರವನ್ನು ಚಾಸಿಗೆ ಹಿಡಿದಿರುವ ತೋಳುಗಳಲ್ಲಿ, ಅಂದರೆ ಕಂಟ್ರೋಲ್ ಆರ್ಮ್‌ಗಳಲ್ಲಿ, ಕೆಳಗಿನವುಗಳ ಬುಷ್‌ಗಳಲ್ಲಿಯೂ (ಒಳತುದಿಯ ಶಾಫ್ಟಿನ ಮೇಲೆ ಆರ್ಮ್ ತಿರುಗಲು ಇರುವ ಬಳೆಗಳು) ಮೇಲಿನವುಗಳ ಬಾಲ್ ಜಾಯಿಂಟ್‌ಗಳಲ್ಲಿಯೂ (ಹೊರತುದಿಯ ಗುಂಡಿನ ಕೀಲುಗಳು) ಸ್ಪಷ್ಟವಾಗಿ ಸಡಿಲ ಅಲುಗಾಟ ಕಾಣಿಸಿತು. ಆದ್ದರಿಂದ ನಾಲ್ಕೂ ಆರ್ಮ್‌ಗಳನ್ನು ಹೊರತೆಗೆದು ಬುಷ್, ಶಾಫ್ಟ್, ಬಾಲ್ ಜಾಯಿಂಟ್ ಎಲ್ಲವನ್ನೂ ಬದಲಿಸಬೇಕೆಂದು ನಿರ್ಧರಿಸಿದ್ದೇನೆ.

ನನ್ನನ್ನು ತಡೆದಿರುವುದು ಕಾಯಿಲ್ ಸ್ಪ್ರಿಂಗ್ ಒಂದೇ. ಕೆಲವರು ಹೊರತುದಿಯ ಬಾಲ್ ಜಾಯಿಂಟ್ ಬಿಡಿಸಿ ಆರ್ಮ್ ಅನ್ನು ಜ್ಯಾಕ್ ಮೇಲೆ ಇಳಿಸುವಂತೆ ಹೇಳುತ್ತಾರೆ. ಇನ್ನು ಕೆಲವರು ಒಳತುದಿಯಲ್ಲಿ ಶಾಫ್ಟನ್ನು ಹಿಡಿದಿರುವ ಯು-ಬೋಲ್ಟ್‌ಗಳನ್ನು ಬಿಚ್ಚುವಂತೆ ಹೇಳುತ್ತಾರೆ. ಎರಡನ್ನೂ ಮಾಡಿ ನೋಡಿದವರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ. ಕೆಲಸ ಮನೆಯ ಗ್ಯಾರೇಜಿನಲ್ಲಿ ನಡೆಯಬೇಕು. ನೆಲ ಸಮತಟ್ಟಾದ ಕಾಂಕ್ರೀಟಿನದು.

ಉತ್ತರ (ಮಿಶಿಗನ್‌ನಿಂದ)

ನಮಸ್ಕಾರ. ಮೊದಲು ಈ ಗಾಡಿಯ ರಚನೆಯನ್ನು ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಿ. ಯಾವ ನಟ್ಟನ್ನು ಯಾವಾಗ ಮುಟ್ಟಬಾರದು ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಸಿ-10ರಲ್ಲಿ ಸ್ಪ್ರಿಂಗ್ ಇರುವುದು ಕೆಳಗಿನ ಆರ್ಮ್ ಮತ್ತು ಕ್ರಾಸ್‌ಮೆಂಬರಿನ (ಚಾಸಿಯ ಅಡ್ಡ ತೊಲೆಯ) ಗೂಡಿನ ನಡುವೆ. ಮೇಲಿನ ಆರ್ಮ್ ಸ್ಪ್ರಿಂಗಿನ ಭಾರವನ್ನು ನೇರವಾಗಿ ಹೊರುವುದಿಲ್ಲ. ಆದರೆ ಗಾಡಿಯನ್ನು ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ ಚಕ್ರ ತೆಗೆದ ಮೇಲೆ, ಕೆಳಗಿನ ಆರ್ಮ್ ಇನ್ನಷ್ಟು ಕೆಳಕ್ಕೆ ಹೋಗದಂತೆ ಸ್ಟಿಯರಿಂಗ್ ನಕಲ್ (ಎರಡೂ ಆರ್ಮ್‌ಗಳ ಹೊರತುದಿಗಳ ನಡುವೆ ಚಕ್ರವನ್ನು ಹಿಡಿದಿರುವ ತುಂಡು) ಮೂಲಕ ತಡೆದು ನಿಲ್ಲಿಸಿರುವುದು ಆ ಮೇಲಿನ ಆರ್ಮೇ. ಆದ್ದರಿಂದ ಮೇಲಿನದು ಹಗುರವಾದ ಭಾಗ, ಮೊದಲು ಅದನ್ನು ಬಿಚ್ಚಿಬಿಡೋಣ ಎಂದು ಕೆಳಗೆ ಜ್ಯಾಕ್ ಇಲ್ಲದೆ ಮೇಲಿನ ಬಾಲ್ ಜಾಯಿಂಟಿಗಾಗಲಿ ಮೇಲಿನ ಶಾಫ್ಟಿನ ನಟ್ಟುಗಳಿಗಾಗಲಿ ಕೈ ಹಾಕಿದರೆ ಸ್ಪ್ರಿಂಗ್ ಒಮ್ಮೆಲೇ ಬಿಡುಗಡೆಯಾಗುತ್ತದೆ. ಈ ಕೆಲಸದಲ್ಲಿ ಜೀವಕ್ಕೆ ಅಪಾಯ ತರುವ ಹೆಜ್ಜೆ ಇದು. ಮೊದಲು ಸ್ಪ್ರಿಂಗನ್ನು ಪೂರ್ತಿ ಸಡಿಲಿಸಿ ಹೊರತೆಗೆಯಬೇಕು. ಮಿಕ್ಕದ್ದೆಲ್ಲ ಅನಂತರ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಳತುದಿ, ಅಂದರೆ ಯು-ಬೋಲ್ಟ್‌ಗಳು. ಕಂಪನಿಯ ಸರ್ವಿಸ್ ಕೈಪಿಡಿಯೂ ಸ್ಪ್ರಿಂಗ್ ತೆಗೆಯಲು ಇದೇ ದಾರಿಯನ್ನು ಹೇಳುತ್ತದೆ. ಕಾರಣ ಇಷ್ಟೆ: ಬಾಲ್ ಜಾಯಿಂಟಿನ ಟೇಪರ್ (ನಕಲ್‌ನ ರಂಧ್ರದೊಳಗೆ ಕೂರುವ ಶಂಕುವಿನಾಕಾರದ ಭಾಗ) ಎಷ್ಟೋ ವರ್ಷ ಕಚ್ಚಿ ಕುಳಿತಿರುತ್ತದೆ, ಬಿಟ್ಟುಕೊಡುವಾಗ ಒಮ್ಮೆಲೇ ಬಿಡುತ್ತದೆ. ಯು-ಬೋಲ್ಟಿನ ನಟ್ಟುಗಳನ್ನಾದರೆ ಸುತ್ತು ಸುತ್ತಾಗಿ ಸರದಿಯಂತೆ ಸಡಿಲಿಸಬಹುದು, ಭಾರ ಜ್ಯಾಕ್‌ಗೆ ಎಷ್ಟು ಬಂದಿದೆ ಎಂಬುದು ಪ್ರತಿ ಸುತ್ತಿಗೂ ಕಣ್ಣಿಗೆ ಕಾಣುತ್ತದೆ.

ಸಿದ್ಧತೆ ಹೀಗಿರಲಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡೆ ಕೊಡಿ. ಮುಂಭಾಗವನ್ನು ಎತ್ತಿ, ಕ್ರಾಸ್‌ಮೆಂಬರಿನ ಹಿಂದೆ ಚಾಸಿಯ ಉದ್ದ ತೊಲೆಗಳ ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ. ಆರ್ಮ್ ಪೂರ್ತಿ ಕೆಳಗೆ ತೂಗಿದಾಗಲೂ ಅದರ ಕೆಳಗೆ ಜ್ಯಾಕ್ ಇಳಿಯಲು ಜಾಗ ಉಳಿಯುವಷ್ಟು ಎತ್ತರ ಬೇಕು. ಎತ್ತರ ಸಾಲದೆ ಮಧ್ಯದಲ್ಲಿ ಮತ್ತೆ ಗಾಡಿ ಎತ್ತುವ ಪರಿಸ್ಥಿತಿ ಬರಬಾರದು. ಚಕ್ರ ತೆಗೆಯಿರಿ. ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಚಾಸಿಗೆ ಕಟ್ಟಿ ತೂಗುಹಾಕಿ, ಅದರ ಭಾರ ಎಂದಿಗೂ ರಬ್ಬರ್ ಹೋಸ್ ಮೇಲೆ ಬೀಳಬಾರದು. ಹೋಸನ್ನು ಬಿಚ್ಚದಿದ್ದರೆ ಬ್ರೇಕಿನ ಗಾಳಿ ತೆಗೆಯುವ ಕೆಲಸವೂ ತಪ್ಪುತ್ತದೆ. ಚಕ್ರವನ್ನು ತಿರುಗಿಸುವ ಟೈ ರಾಡ್ ತುದಿಯನ್ನೂ, ಗಾಡಿ ವಾಲದಂತೆ ತಡೆಯುವ ಸ್ವೇ ಬಾರ್ ಇದ್ದರೆ ಅದರ ಲಿಂಕನ್ನೂ ಬಿಡಿಸಿ. ಈಗ ಚಕ್ರವಿರುವ ಗ್ಯಾರೇಜ್ ಜ್ಯಾಕ್ ಅನ್ನು ಕೆಳಗಿನ ಆರ್ಮಿನ ಒಳತುದಿಯ ಶಾಫ್ಟಿನ ನಡುಮಧ್ಯಕ್ಕೆ ತಂದು, ಶಾಫ್ಟ್ ಜಾರದಂತೆ ನಡುವೆ ಕಚ್ಚು ಕೊಟ್ಟ ಗಟ್ಟಿ ಮರದ ತುಂಡನ್ನಿಟ್ಟು ಭಾರ ತೆಗೆದುಕೊಳ್ಳುವಷ್ಟು ಎತ್ತಿ. ಸ್ಪ್ರಿಂಗಿನ ಸುರುಳಿಯ ಒಳಗಿನಿಂದಲೂ ಆರ್ಮಿನ ಸುತ್ತಲೂ ಬಂದು ಬೋಲ್ಟಿನಿಂದ ಮುಚ್ಚಿಕೊಳ್ಳುವಂತೆ ಒಂದು ಗಟ್ಟಿ ಉಕ್ಕಿನ ಸರಪಳಿ ಹಾಕಿ. ಇವೆಲ್ಲ ಆದ ಮೇಲಷ್ಟೇ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ತೆಗೆಯಿರಿ.

ಅನಂತರ ಎರಡೂ ಯು-ಬೋಲ್ಟ್‌ಗಳ ನಟ್ಟುಗಳನ್ನು ಸಮವಾಗಿ ಸಡಿಲಿಸುತ್ತಾ ಹೋಗಿ. ಶಾಫ್ಟ್ ತನ್ನ ಗೂಡಿನಿಂದ ಸ್ವಲ್ಪ ಬಿಟ್ಟುಕೊಂಡರೂ ಜ್ಯಾಕ್ ಮೇಲೆ ಸ್ಥಿರವಾಗಿ ಕುಳಿತಿದೆಯೆಂದು ಖಚಿತಪಡಿಸಿಕೊಂಡ ನಂತರ ಯು-ಬೋಲ್ಟ್‌ಗಳನ್ನು ತೆಗೆದು, ಜ್ಯಾಕಿನ ಕವಾಟವನ್ನು ಎಳೆಯಷ್ಟೇ ತಿರುಗಿಸಿ ನಿಧಾನವಾಗಿ ಇಳಿಸಿ. ಸ್ಪ್ರಿಂಗ್ ಕೈಯಿಂದ ಅಲುಗಾಡಿಸಿದರೆ ಅಲುಗಾಡುವಷ್ಟು ಸಡಿಲವಾಗುವವರೆಗೆ ಸರಪಳಿ ಬಿಚ್ಚಬೇಡಿ, ಆರ್ಮಿನ ಎದುರಿಗೂ ಕೂರಬೇಡಿ.

ಉತ್ತರ (ಅರಿಜೋನಾದಿಂದ)

ಮೇಲಿನ ಬರಹದ ಸುರಕ್ಷತೆಯ ಮಾತುಗಳನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಹೊರತುದಿಯ ವಿಧಾನವನ್ನು ಅಷ್ಟು ಸುಲಭವಾಗಿ ಬದಿಗೆ ಸರಿಸುವುದು ಸರಿಯಲ್ಲ. ಬಾಲ್ ಜಾಯಿಂಟ್ ಹತ್ತಿರ ಜ್ಯಾಕ್ ಇಟ್ಟರೆ ಸನ್ನೆಯ ಉದ್ದ ನಮ್ಮ ಪರವಾಗಿ ಕೆಲಸ ಮಾಡುತ್ತದೆ: ಸ್ಪ್ರಿಂಗ್ ಆರ್ಮಿನ ಸುಮಾರು ನಡುವೆ ಇರುವುದರಿಂದ ಜ್ಯಾಕ್ ಮೇಲೆ ಬರುವ ಭಾರ ಸ್ಪ್ರಿಂಗಿನ ಬಲದ ಹೆಚ್ಚುಕಡಿಮೆ ಅರ್ಧ ಮಾತ್ರ. ಜೊತೆಗೆ ಒಳಶಾಫ್ಟ್ ತನ್ನ ಜಾಗದಲ್ಲೇ ಬಿಗಿಯಾಗಿರುವುದರಿಂದ ಆರ್ಮ್ ಚಲಿಸುವ ಹಾದಿ ಬಾಗಿಲಿನ ಹಾದಿಯಂತೆ ಮೊದಲೇ ಗೊತ್ತಿರುತ್ತದೆ, ಅಡ್ಡಕ್ಕೆ ತಿರುಚಿಕೊಳ್ಳುವುದಿಲ್ಲ.

ಟೇಪರ್ ಒಮ್ಮೆಲೇ ಬಿಡುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಬಾಲ್ ಜಾಯಿಂಟಿನ ಕ್ಯಾಸಲ್ ನಟ್ಟಿನಲ್ಲಿದೆ (ಸಡಿಲವಾಗದಂತೆ ತಡೆಯುವ ಕಾಟರ್ ಪಿನ್ ತೂರಿಸಲು ಅಂಚಿನಲ್ಲಿ ಕಚ್ಚುಗಳಿರುವ ನಟ್ಟು). ಕಾಟರ್ ಪಿನ್ ತೆಗೆದು ನಟ್ಟನ್ನು ಕೆಲವು ಎಳೆ ಸಡಿಲಿಸಬೇಕೇ ಹೊರತು ಪೂರ್ತಿ ತೆಗೆಯಬಾರದು. ಆಮೇಲೆ ನಕಲ್‌ನ ಟೇಪರ್ ಸುತ್ತಲಿನ ದಪ್ಪ ಲೋಹದ ಮೇಲೆ, ಬೋಲ್ಟಿನ ತುದಿಯ ಮೇಲಲ್ಲ, ಭಾರವಾದ ಸುತ್ತಿಗೆಯಿಂದ ಬದಿಯಿಂದ ಎರಡು ಪೆಟ್ಟು ಕೊಟ್ಟರೆ ಟೇಪರ್ ಬಿಟ್ಟು ನಟ್ಟಿನ ಮೇಲೆ ನಿಲ್ಲುತ್ತದೆ. ಆಗ ಜ್ಯಾಕ್ ಅನ್ನು ತುಸು ಎತ್ತಿ ನಟ್ಟಿನ ಮೇಲಿನ ಒತ್ತಡ ಕಳೆದು, ನಟ್ಟು ತೆಗೆದು, ಆರ್ಮ್ ಇಳಿಸಿದರಾಯಿತು. ಎರಡು ಕವಲಿನ ಫೋರ್ಕ್ ಬಡಿದರೂ ಬಿಡುತ್ತದೆ, ಆದರೆ ರಬ್ಬರ್ ಬೂಟ್ ಹರಿಯುತ್ತದೆ. ಬಾಲ್ ಜಾಯಿಂಟನ್ನು ಹೇಗೂ ಬದಲಿಸುವುದಾದರೆ ಅದರಿಂದ ನಷ್ಟವಿಲ್ಲ. ಟೈ ರಾಡ್ ತುದಿಯನ್ನು ಉಳಿಸಿಕೊಳ್ಳುವುದಾದರೆ ಅಲ್ಲಿ ಫೋರ್ಕ್ ಬಳಸಬೇಡಿ.

ಪ್ರಶ್ನಿಸಿದವರು

ಇಬ್ಬರಿಗೂ ವಂದನೆಗಳು. ಎರಡು ಸಂದೇಹಗಳಿವೆ. ಗಾಡಿ ಗಾಳಿಯಲ್ಲಿ ತೂಗುತ್ತಿರುವಾಗ, ಚಕ್ರದ ಮೇಲೆ ಭಾರವೇ ಇಲ್ಲದಿರುವಾಗ, ಸ್ಪ್ರಿಂಗಿನಲ್ಲಿ ನಿಜವಾಗಿ ಎಷ್ಟು ಬಲ ಉಳಿದಿರುತ್ತದೆ? ಸ್ಪ್ರಿಂಗ್ ಕಂಪ್ರೆಸರ್ ಬಾಡಿಗೆಗೆ ತಂದರೆ ಈ ಜ್ಯಾಕ್ ಮತ್ತು ಸರಪಳಿಯ ಏರ್ಪಾಡನ್ನು ಬಿಡಬಹುದೇ?

ಉತ್ತರ (ಮಿಶಿಗನ್‌ನಿಂದ)

ಚಕ್ರ ತೂಗುತ್ತಿರುವಾಗ ಸ್ಪ್ರಿಂಗ್ ಸಡಿಲವಾಗಿದೆ ಎಂದು ಭಾವಿಸುವುದು ತಪ್ಪು. ಆರ್ಮ್ ಕೆಳಕ್ಕೆ ಹೋಗುವ ಮಿತಿಯನ್ನು ತಲುಪಿ ನಿಂತಿರುತ್ತದೆಯೇ ಹೊರತು ಸ್ಪ್ರಿಂಗ್ ತನ್ನ ಸಹಜ ಉದ್ದಕ್ಕೆ ಬಂದಿರುವುದಿಲ್ಲ. ಅಂದಾಜಿಗಾಗಿ ಒಂದು ಲೆಕ್ಕ ಹಾಕೋಣ. ಸ್ಪ್ರಿಂಗಿನ ಬಿರುಸು ಅಂಗುಲಕ್ಕೆ 500 ಪೌಂಡ್ ಎಂದಿಟ್ಟುಕೊಳ್ಳಿ, ಇನ್ನೂ 3 ಅಂಗುಲ ಅದುಮಿಕೊಂಡಿದೆ ಎಂದಿಟ್ಟುಕೊಳ್ಳಿ. ಬಲ 1500 ಪೌಂಡ್, ಅಂದರೆ ಸುಮಾರು 680 ಕಿಲೋಗ್ರಾಂ ಭಾರ. ಕೂಡಿಟ್ಟ ಶಕ್ತಿ ಸುಮಾರು 250 ಜೂಲ್. 25 ಕಿಲೋಗ್ರಾಂ ತೂಕದ ವಸ್ತು ಒಂದು ಮೀಟರ್ ಎತ್ತರದಿಂದ ಬೀಳುವಾಗ ಕೊಡುವ ಪೆಟ್ಟಿನಷ್ಟು. ವ್ಯತ್ಯಾಸವೆಂದರೆ ಇಲ್ಲಿ ಆ ಪೆಟ್ಟು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ಹಾರಬಲ್ಲದು, ಮತ್ತು ಆ ಪಕ್ಕದಲ್ಲಿ ನಮ್ಮ ಮುಖವಿರುತ್ತದೆ.

ಕಂಪ್ರೆಸರ್ ಬಗ್ಗೆ: ಹೊರಗಿನಿಂದ ಕೊಕ್ಕೆ ಹಾಕುವ ಬಗೆಯದಕ್ಕೆ ಗೂಡಿನ ಸುತ್ತ ಜಾಗ ಸಾಲುವುದಿಲ್ಲ. ಈ ಗಾಡಿಯಲ್ಲಿ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಒಳಗಿಲ್ಲದೆ ಹೊರಗಿರುವುದರಿಂದ ಒಳಗಿನಿಂದ ಹಿಡಿಯುವ ಬಗೆಯದನ್ನು ಬಳಸಬಹುದು. ಅದರ ಉದ್ದ ಸ್ಕ್ರೂವಿನ ಎಳೆಗಳಿಗೆ ಗ್ರೀಸು ಹಚ್ಚಿ, ಕೈಯ ರ‍್ಯಾಚೆಟ್‌ನಿಂದಲೇ ತಿರುಗಿಸಿ. ಇಂಪ್ಯಾಕ್ಟ್ ಗನ್ ಹಾಕಿದರೆ ಎಳೆ ಬಿಸಿಯಾಗಿ ಕಚ್ಚಿಕೊಂಡು, ಅದುಮಿದ ಸ್ಪ್ರಿಂಗ್ ಸಮೇತ ಸಿಕ್ಕಿಬೀಳುತ್ತದೆ. ಕಂಪ್ರೆಸರ್ ಇದ್ದರೂ ಸರಪಳಿಯನ್ನು ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಬಾಡಿಗೆಯ ಉಪಕರಣ ಹಿಂದೆ ಎಷ್ಟು ಕೈಗಳಲ್ಲಿ ಎಷ್ಟು ಒತ್ತಡ ಕಂಡಿದೆಯೋ ನಮಗೆ ತಿಳಿಯುವುದಿಲ್ಲ.

ಅರಿಜೋನಾದ ಮಿತ್ರರ ಮಾತಿನಲ್ಲಿ ಸನ್ನೆಯ ಲೆಕ್ಕ ಸರಿಯಾಗಿದೆ. ಆದರೆ ಅವರ ಊರಿನ ಒಣ ಹವೆಯಲ್ಲಿ ಟೇಪರ್ ಎರಡು ಪೆಟ್ಟಿಗೆ ಬಿಡುತ್ತದೆ. ಚಳಿಗಾಲವಿಡೀ ರಸ್ತೆಗೆ ಉಪ್ಪು ಹಾಕುವ ಮಿಶಿಗನ್, ಒಹಾಯೊ ಕಡೆಯ ಗಾಡಿಗಳಲ್ಲಿ ಅದು ಎಷ್ಟೋ ಪೆಟ್ಟು ತಿಂದರೂ ಕದಲದೆ, ಅದುಮಿದ ಸ್ಪ್ರಿಂಗಿನ ಪಕ್ಕದಲ್ಲೇ ಕುಳಿತು ನಾವು ಬಡಿಯುತ್ತಲೇ ಇರಬೇಕಾಗುತ್ತದೆ. ಒಳತುದಿಯಿಂದ ಸ್ಪ್ರಿಂಗ್ ತೆಗೆದ ಮೇಲೆ ಅದೇ ಟೇಪರನ್ನು ಯಾವ ಭಯವೂ ಇಲ್ಲದೆ ಬಡಿಯಬಹುದು. ಬೇಕಾದರೆ ಆರ್ಮ್ ಮತ್ತು ನಕಲ್ ಎರಡನ್ನೂ ಒಟ್ಟಿಗೆ ಹೊರತಂದು ಬೆಂಚಿನ ಮೇಲೆ ಬಿಡಿಸಬಹುದು.

ತುಕ್ಕು ಹಿಡಿದ ಯು-ಬೋಲ್ಟ್‌ಗಳಿಗೆ ಕೆಲಸದ ಹಿಂದಿನ ದಿನವೇ ತಂತಿ ಬ್ರಷ್‌ನಿಂದ ಎಳೆ ಉಜ್ಜಿ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡಿ. ಎಳೆ ಹಾಳಾದರೆ ಉಳಿಸಲು ಹೆಣಗಬೇಡಿ. ಹೊಸ ಯು-ಬೋಲ್ಟ್ ಮತ್ತು ನಟ್ಟುಗಳು ಅಮೆರಿಕದಲ್ಲಿ ಈಗಲೂ ಸುಲಭವಾಗಿ ಸಿಗುತ್ತವೆ, ಕೆಲಸ ಆರಂಭಿಸುವ ಮೊದಲೇ ತರಿಸಿಟ್ಟುಕೊಳ್ಳಿ. ಆದರೆ ಜ್ಯಾಕ್ ಭಾರ ಹೊತ್ತು ಸರಪಳಿ ಬಿಗಿಯಾಗಿ ಕುಳಿತಿಲ್ಲದೆ ಯು-ಬೋಲ್ಟನ್ನು ಕತ್ತರಿಸಬೇಡಿ: ಕತ್ತರಿಸಿದರೆ ಅದೂ ಟೇಪರಿನಂತೆ ಒಮ್ಮೆಲೇ ಬಿಡುತ್ತದೆ.

ಉತ್ತರ (ಟೆಕ್ಸಾಸ್‌ನಿಂದ)

ಎಂಜಿನ್ ಗಾಡಿಯಲ್ಲೇ ಇದೆಯೇ ಎಂಬುದನ್ನು ಯಾರೂ ಕೇಳಲಿಲ್ಲ. ಇಡೀ ವಿಧಾನ ಇದರ ಮೇಲೆ ನಿಂತಿದೆ. ಜ್ಯಾಕ್ ಸ್ಪ್ರಿಂಗನ್ನು ಅದುಮಬೇಕಾದರೆ ಮೇಲಿನಿಂದ ಅದಕ್ಕೆ ಎದುರಾಗಿ ಎಂಜಿನಿನ ಭಾರ ಇರಬೇಕು. ಎಂಜಿನ್ ಮತ್ತು ಮುಂಭಾಗದ ತಗಡುಗಳನ್ನು ಕಳಚಿಟ್ಟ ಬರಿಯ ಚಾಸಿಯಲ್ಲಿ ಜ್ಯಾಕ್ ಎತ್ತಿದರೆ ಸ್ಪ್ರಿಂಗ್ ಅದುಮುವ ಬದಲು ಚಾಸಿಯೇ ಸ್ಟ್ಯಾಂಡ್ ಬಿಟ್ಟು ಮೇಲೇಳುತ್ತದೆ. ಅಂತಹ ಸ್ಥಿತಿಯಲ್ಲಿ ಒಳಗಿನ ಕಂಪ್ರೆಸರ್ ಅನಿವಾರ್ಯ. ಗಾಡಿಯನ್ನು ಪೂರ್ತಿ ಬಿಚ್ಚಿ ಕಟ್ಟುವ ಯೋಜನೆ ಇರುವವರು ಎಂಜಿನ್ ಇಳಿಸುವ ಮೊದಲೇ ಸ್ಪ್ರಿಂಗ್‌ಗಳನ್ನು ತೆಗೆದುಬಿಡುವುದು ಒಳ್ಳೆಯದು.

ಪ್ರಶ್ನಿಸಿದವರು

ಎಂಜಿನ್ ಗಾಡಿಯಲ್ಲೇ ಇದೆ, ಈಗ ಅದನ್ನು ಇಳಿಸುವ ಯೋಚನೆಯಿಲ್ಲ. ಇದನ್ನು ನೆನಪಿಸಿದ್ದಕ್ಕೆ ಕೃತಜ್ಞ.

ಉತ್ತರ (ಇಲಿನಾಯ್‌ನಿಂದ)

ಈ ಚರ್ಚೆಯನ್ನು ಮುಂದೆ ಓದುವವರಿಗಾಗಿ ಒಂದು ಎಚ್ಚರಿಕೆ. ಷೆವರ್ಲೆಯ ಈ ಪಿಕಪ್‌ಗಳಿಗೆ ಮುಂದಿನ ಸ್ವತಂತ್ರ ಸಸ್ಪೆನ್ಷನ್ ಬಂದದ್ದು 1960ರಲ್ಲಿ. 1960ರಿಂದ 1962ರವರೆಗಿನ ಗಾಡಿಗಳಲ್ಲಿ ಕಾಯಿಲ್ ಸ್ಪ್ರಿಂಗ್ ಇರುವುದೇ ಇಲ್ಲ, ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು) ಇರುತ್ತದೆ. ಅಲ್ಲಿ ಮೊದಲು ಬಾರಿನ ಹೊಂದಾಣಿಕೆಯ ಬೋಲ್ಟನ್ನು ಸಡಿಲಿಸಿ ತಿರುಚನ್ನು ಇಳಿಸಬೇಕು. ಕಾಯಿಲ್ ಸ್ಪ್ರಿಂಗ್ ಬಂದದ್ದು 1963ರಿಂದ. ಇಲ್ಲಿ ಹೇಳಿದ ಕ್ರಮವನ್ನು ಹಳೆಯ ಗಾಡಿಗೆ ಹಾಗೆಯೇ ಅನ್ವಯಿಸಬೇಡಿ. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಅದೇ ಕಾಲದ ಕೆ-10ರ ಮುಂಭಾಗದಲ್ಲಿ ಗಟ್ಟಿ ಆಕ್ಸಲ್ ಮತ್ತು ಪಟ್ಟಿ ಸ್ಪ್ರಿಂಗ್ ಇರುವುದರಿಂದ ಅದಕ್ಕೆ ಈ ಮಾತು ಸಂಬಂಧಿಸಿದ್ದೇ ಅಲ್ಲ.

ಇನ್ನೊಂದು ದಾರಿಯೂ ಇದೆ. 1967–72ರ ಗಾಡಿಗಳಲ್ಲಿ ಮುಂದಿನ ಕ್ರಾಸ್‌ಮೆಂಬರ್ ಬೋಲ್ಟುಗಳಿಂದ ಚಾಸಿಗೆ ಸೇರಿದೆ. ಆರ್ಮ್, ಸ್ಪ್ರಿಂಗ್, ನಕಲ್ ಸಮೇತ ಇಡೀ ಜೋಡಣೆಯನ್ನೇ ಕೆಳಗಿಳಿಸಬಹುದು. 1971ರಿಂದ ಡಿಸ್ಕ್ ಬ್ರೇಕ್ ಬಂದದ್ದರಿಂದ, ಡ್ರಮ್ ಬ್ರೇಕಿನ ಹಳೆಯ ಗಾಡಿಗಳಿಗೆ 1971–72ರ ಇಡೀ ಜೋಡಣೆಯನ್ನು ತಂದು ಕೂರಿಸುವವರು ಈ ದಾರಿಯನ್ನೇ ಹಿಡಿಯುತ್ತಾರೆ. ಆದರೆ ಎಂಜಿನ್ ಮೌಂಟ್‌ಗಳು ಆ ಕ್ರಾಸ್‌ಮೆಂಬರ್ ಮೇಲೆಯೇ ಕುಳಿತಿರುವುದರಿಂದ ಎಂಜಿನನ್ನು ಮೇಲಿನಿಂದ ತೂಗಿ ಹಿಡಿಯಬೇಕು. ಬುಷ್ ಬದಲಿಸುವುದಷ್ಟೇ ಉದ್ದೇಶವಾದರೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನಿಸಿದವರು

ಒಳತುದಿಯ ವಿಧಾನವನ್ನೇ ಅನುಸರಿಸುತ್ತೇನೆ. ಸ್ಪ್ರಿಂಗ್ ಹೊರಬಂದ ಮೇಲೆ ಮೇಲಿನ ಆರ್ಮ್ ತೆಗೆಯುವಾಗ ಗಮನಿಸಬೇಕಾದ ವಿಷಯಗಳನ್ನು ತಿಳಿಸುವಿರಾ? ಮೇಲಿನ ಶಾಫ್ಟಿನ ಹತ್ತಿರ ತೆಳುವಾದ ತಗಡಿನ ತುಂಡುಗಳು ಒಂದರ ಮೇಲೊಂದು ಇರುವುದು ಕಾಣುತ್ತಿದೆ.

ಉತ್ತರ (ವೀಲ್ ಅಲೈನ್‌ಮೆಂಟ್ ಕೆಲಸ ಮಾಡುವವರು, ಇಂಡಿಯಾನಾದಿಂದ)

ಆ ತಗಡಿನ ತುಂಡುಗಳೇ ಶಿಮ್‌ಗಳು. ಅವುಗಳನ್ನು ಕಸದಂತೆ ಒಂದು ಡಬ್ಬಿಗೆ ಸುರಿದುಬಿಟ್ಟ ಗಾಡಿಗಳು ನಮ್ಮಲ್ಲಿಗೆ ಆಗಾಗ ಬರುತ್ತವೆ. ಮುಂದಿನ ಮತ್ತು ಹಿಂದಿನ ಎರಡೂ ಬೋಲ್ಟಿನ ಶಿಮ್‌ಗಳನ್ನು ಸಮನಾಗಿ ಕೂಡಿಸಿದರೆ ಅಥವಾ ಕಳೆದರೆ ಚಕ್ರದ ಕ್ಯಾಂಬರ್ ಬದಲಾಗುತ್ತದೆ, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುತ್ತದೆ. ಒಂದು ಬೋಲ್ಟಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಕ್ಯಾಸ್ಟರ್ ಬದಲಾಗಿ, ಸ್ಟಿಯರಿಂಗ್ ತಾನೇ ನೇರಕ್ಕೆ ಮರಳುವ ಗುಣ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ನಟ್ಟು ಸಡಿಲಿಸುವ ಮೊದಲೇ ಫೋಟೊ ತೆಗೆದುಕೊಳ್ಳಿ. ಆಮೇಲೆ ಪ್ರತಿ ಬೋಲ್ಟಿನ ಶಿಮ್ ಗುಂಪನ್ನು ತಂತಿಯಲ್ಲಿ ಪೋಣಿಸಿ "ಎಡ ಮುಂದೆ", "ಎಡ ಹಿಂದೆ" ಎಂದು ಚೀಟಿ ಕಟ್ಟಿಡಿ. ಹೊಸ ಬುಷ್ ಹಾಕಿದ ಮೇಲೆ ಅಲೈನ್‌ಮೆಂಟ್ ಹೇಗೂ ಮಾಡಿಸಲೇಬೇಕು. ಆದರೂ ಹಳೆಯ ಶಿಮ್‌ಗಳು ತಮ್ಮ ಜಾಗದಲ್ಲಿದ್ದರೆ ಗಾಡಿಯನ್ನು ಅಲೈನ್‌ಮೆಂಟ್ ಕೇಂದ್ರದವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗುವಷ್ಟು ನೇರವಾಗಿರುತ್ತದೆ.

ಮೇಲಿನ ಬಾಲ್ ಜಾಯಿಂಟ್ ಕಾರ್ಖಾನೆಯಿಂದ ಬರುವಾಗ ರಿವೆಟ್‌ಗಳಿಂದ ಕೂಡಿಸಿದ್ದಾಗಿರುತ್ತದೆ. ಬೋಲ್ಟ್‌ಗಳಿದ್ದರೆ ಯಾರೋ ಹಿಂದೆಯೇ ಬದಲಿಸಿದ್ದಾರೆ ಎಂದರ್ಥ. ರಿವೆಟಿನ ತಲೆಯ ನಡುವೆ ಪಂಚ್‌ನಿಂದ ಗುರುತು ಮಾಡಿ, ಮೊದಲು ಸಣ್ಣ ಡ್ರಿಲ್ಲಿನಿಂದ ಆಳವಾಗಿಯೂ ಬಳಿಕ ದೊಡ್ಡದರಿಂದ ತಲೆಯ ಮಟ್ಟಕ್ಕೂ ಕೊರೆದು, ಉಳಿಯಿಂದ ತಲೆ ಹಾರಿಸಿ, ಉಳಿದದ್ದನ್ನು ಪಂಚ್‌ನಿಂದ ಕೆಳಕ್ಕೆ ತಳ್ಳಿ. ಕೊರೆಯುವಾಗ ಆರ್ಮಿನ ರಂಧ್ರ ದೊಡ್ಡದಾಗಬಾರದು. ದೊಡ್ಡದಾದರೆ ಹೊಸ ಬೋಲ್ಟು ಅಲ್ಲಿ ಆಡುತ್ತದೆ. ಗ್ಯಾಸ್ ಟಾರ್ಚಿನಿಂದ ಸುಡುವ ವಿಧಾನವನ್ನು ನಾನು ಒಪ್ಪುವುದಿಲ್ಲ, ಅಚ್ಚೊತ್ತಿದ ತಗಡಿನ ಆರ್ಮನ್ನು ಹಾಗೆ ಕಾಯಿಸಬಾರದು. ಕೆಳಗಿನ ಬಾಲ್ ಜಾಯಿಂಟನ್ನು ಒತ್ತಿ ಕೂರಿಸಿರುತ್ತಾರೆ. ಅದಕ್ಕೆ ಪ್ರೆಸ್ ಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಓರೆಯಾಗಿ ಕುಳಿತು ಆರ್ಮಿನ ರಂಧ್ರವನ್ನೇ ಕೆಡಿಸುತ್ತದೆ.

ಉತ್ತರ (ಅರಿಜೋನಾದಿಂದ)

ಬುಷ್‌ಗಳ ಬಗ್ಗೆ ಸೇರಿಸುತ್ತೇನೆ. ಐವತ್ತು ವರ್ಷ ಕಳೆದ ಗಾಡಿಯಲ್ಲಿ ಯಾವ ಬಗೆಯ ಬುಷ್ ಇದೆ ಎಂಬುದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು. ಬುಷ್‌ನ ತುದಿಯಲ್ಲಿ ಗ್ರೀಸ್ ನಿಪ್ಪಲ್ ಇದ್ದರೆ ಅದು ಎಳೆಯಿರುವ ಉಕ್ಕಿನ ಬುಷ್. ಅದನ್ನು ಹಾಕುವಾಗ ಶಾಫ್ಟ್ ಆರ್ಮಿನ ನಡುವೆ ಸರಿಯಾಗಿ ನಿಲ್ಲುವಂತೆ ಎರಡೂ ಕಡೆಯಿಂದ ಸಮನಾಗಿ ತಿರುಗಿಸುತ್ತಾ ಬಂದು, ಬಿಗಿಸಿದ ಮೇಲೂ ಶಾಫ್ಟ್ ಸಲೀಸಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸಬೇಕು. ರಬ್ಬರ್ ಬುಷ್ ಆಗಿದ್ದರೆ ಕ್ರಮವೇ ಬೇರೆ: ಶಾಫ್ಟಿನ ತುದಿಯ ನಟ್ಟುಗಳನ್ನು ಹಿಡಿಯುವಷ್ಟು ಮಾತ್ರ ಹಾಕಿ, ಗಾಡಿ ತನ್ನ ಚಕ್ರಗಳ ಮೇಲೆ ಭಾರ ಬಿಟ್ಟು ಸಹಜ ಎತ್ತರಕ್ಕೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಆರ್ಮ್ ತೂಗುತ್ತಿರುವಾಗಲೇ ಬಿಗಿಸಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಪ್ರಶ್ನಿಸಿದವರು

ಗ್ರೀಸ್ ನಿಪ್ಪಲ್‌ಗಳಿವೆ, ಹಾಗಾಗಿ ಉಕ್ಕಿನವೇ. ಕೊನೆಯದಾಗಿ, ಸ್ಪ್ರಿಂಗನ್ನು ಮರಳಿ ಕೂರಿಸುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಿದರೆ ಸಾಕೇ?

ಉತ್ತರ (ಮಿಶಿಗನ್‌ನಿಂದ)

ಕ್ರಮ ಅದೇ, ಆದರೆ ಕೂರಿಸುವಾಗ ಅಪಾಯ ತುಸು ಹೆಚ್ಚು. ಬಿಚ್ಚುವಾಗ ಒತ್ತಡ ಪ್ರತಿ ಕ್ಷಣ ಕಡಿಮೆಯಾಗುತ್ತಾ ಹೋಗುತ್ತದೆ, ಕೂರಿಸುವಾಗ ಏರುತ್ತಾ ಹೋಗುತ್ತದೆ. ಸ್ಪ್ರಿಂಗ್ ತೆಗೆಯುವ ಮೊದಲೇ ಯಾವ ತುದಿ ಮೇಲಿತ್ತು, ಎಡದ್ದು ಯಾವುದು, ಬಲದ್ದು ಯಾವುದು ಎಂದು ಬಣ್ಣದಲ್ಲಿ ಗುರುತು ಮಾಡಿರಬೇಕು. ಸುರುಳಿಯ ಕೆಳತುದಿ ಆರ್ಮಿನ ಗೂಡಿನಲ್ಲಿ ತನಗಾಗಿ ಇರುವ ತಗ್ಗಿನಲ್ಲಿ ಬಂದು ಕೂರಬೇಕು, ಇಲ್ಲವಾದರೆ ಗಾಡಿ ಒಂದು ಬದಿಗೆ ಎತ್ತರವಾಗಿ ನಿಲ್ಲುತ್ತದೆ. ಸರಪಳಿ ಮತ್ತೆ ಹಾಕಿ. ಜ್ಯಾಕ್ ಏರುವಾಗ ಆರ್ಮ್ ಕಮಾನಿನ ಹಾದಿಯಲ್ಲಿ ಚಲಿಸುವುದರಿಂದ ಜ್ಯಾಕಿನ ಚಕ್ರಗಳು ನೆಲದ ಮೇಲೆ ಸರಾಗವಾಗಿ ಉರುಳುವಂತಿರಬೇಕು. ಅವುಗಳಿಗೆ ಅಡ್ಡೆ ಕೊಡಬಾರದು, ಕೆಳಗೆ ಕಲ್ಲುಹರಳು ಇರದಂತೆ ಗುಡಿಸಿಕೊಳ್ಳಬೇಕು. ಶಾಫ್ಟ್ ಕ್ರಾಸ್‌ಮೆಂಬರಿನ ಗೂಡಿಗೆ ಬರುವಾಗ ಬೆರಳಿನಿಂದ ಸರಿಪಡಿಸಲು ಹೋಗಬೇಡಿ, ಉದ್ದನೆಯ ಸನ್ನೆಕೋಲು ಬಳಸಿ.

ಯು-ಬೋಲ್ಟ್‌ಗಳನ್ನು ಹಾಕಿ ನಾಲ್ಕೂ ನಟ್ಟುಗಳನ್ನು ಸರದಿಯಂತೆ, ನಿಮ್ಮ ವರ್ಷದ ಕೈಪಿಡಿ ಹೇಳುವ ಟಾರ್ಕಿಗೆ (ಬಿಗಿಯ ಅಳತೆಗೆ) ಬಿಗಿಸುವವರೆಗೆ ಜ್ಯಾಕ್ ಕದಲಬಾರದು. ಬಾಲ್ ಜಾಯಿಂಟಿನ ಕ್ಯಾಸಲ್ ನಟ್ಟನ್ನು ಹೇಳಿದ ಟಾರ್ಕಿಗೆ ತಂದ ಮೇಲೆ ಕಾಟರ್ ಪಿನ್ನಿನ ರಂಧ್ರ ಹೊಂದದಿದ್ದರೆ ಇನ್ನಷ್ಟು ಬಿಗಿಸಿ ಹೊಂದಿಸಬೇಕು, ಎಂದಿಗೂ ಹಿಂದಕ್ಕೆ ತಿರುಗಿಸಿ ಹೊಂದಿಸಬಾರದು. ಕಾಟರ್ ಪಿನ್ ಹೊಸದಿರಲಿ. ನಿಪ್ಪಲ್‌ಗಳೆಲ್ಲಕ್ಕೂ ಗ್ರೀಸು ತುಂಬಿ. ಒಂದು ಬದಿಯನ್ನು ಪೂರ್ತಿ ಮುಗಿಸಿದ ನಂತರವೇ ಇನ್ನೊಂದು ಬದಿಯನ್ನು ಬಿಚ್ಚಿ. ಸಂದೇಹ ಬಂದಾಗ ಹೋಲಿಸಿ ನೋಡಲು ಎದುರಿನ ಬದಿ ಹಾಗೆಯೇ ಇರುತ್ತದೆ.